ದೇಹ ಸಿಗದ ಕಡತ: ಮಿನ್ಸ್ಕ್ ನಗರದ ನಾಲ್ವರು

ಬೆಲಾರೂಸ್ ದೇಶದ ರಾಜಧಾನಿ ಮಿನ್ಸ್ಕ್‌ನಲ್ಲಿ 1999ರ ಮೇ ತಿಂಗಳಿಂದ 2000ದ ಜುಲೈವರೆಗೆ, ಹದಿನಾಲ್ಕೇ ತಿಂಗಳಲ್ಲಿ, ನಾಲ್ವರು ಕಾಣೆಯಾದರು. ಒಬ್ಬರು ಮಾಜಿ ಗೃಹಮಂತ್ರಿ, ಒಬ್ಬರು ಕೇಂದ್ರ ಚುನಾವಣಾ ಆಯೋಗದ ಮಾಜಿ ಅಧ್ಯಕ್ಷರು, ಒಬ್ಬರು ಅವರ ಸ್ನೇಹಿತರಾಗಿದ್ದ ಉದ್ಯಮಿ, ಇನ್ನೊಬ್ಬ ಟಿವಿ ಕ್ಯಾಮೆರಾಮನ್. ಯಾರ ದೇಹವೂ ಈವರೆಗೆ ಸಿಕ್ಕಿಲ್ಲ. ಸಿಕ್ಕಿರುವುದು ಕಾಗದ: ಪಿಸ್ತೂಲೊಂದನ್ನು ಕೊಟ್ಟ ಮತ್ತು ಮರಳಿ ಪಡೆದ ದಿನಾಂಕಗಳು, ಪೊಲೀಸ್ ಅಧಿಕಾರಿಯೊಬ್ಬರು ಕೈಬರಹದಲ್ಲಿ ಬರೆದ ಟಿಪ್ಪಣಿ, ಕೆಲವೇ ದಿನಕ್ಕೆ ಮುರಿದುಬಿದ್ದ ಒಂದು ಬಂಧನದ ಆದೇಶ. ಈ ಪ್ರಕರಣದ ಇತಿಹಾಸವೆಂದರೆ ಬಹುಪಾಲು ಈ ಕಾಗದಗಳ ಇತಿಹಾಸವೇ.

ಮನುಷ್ಯರನ್ನು ಮಾಯಮಾಡಿ ಮನೆಯವರಿಗೆ ಏನನ್ನೂ ತಿಳಿಸದಿರುವುದು ಆ ನೆಲಕ್ಕೆ ಹೊಸತಲ್ಲ. ಸ್ಟಾಲಿನ್ ಕಾಲದಲ್ಲಿ ಗುಂಡಿಗೆ ಬಲಿಯಾದವರ ಕುಟುಂಬಗಳಿಗೆ ಸಿಗುತ್ತಿದ್ದ ಉತ್ತರ ಒಂದೇ: ಹತ್ತು ವರ್ಷದ ಶಿಕ್ಷೆಯಾಗಿದೆ, ಪತ್ರ ಬರೆಯುವ ಹಕ್ಕಿಲ್ಲ. ಹೆಂಡತಿ ಮಕ್ಕಳು ಹತ್ತು ವರ್ಷ ಕಾದು, ಆಮೇಲೂ ಕಾದರು. 1937ರ ಅಕ್ಟೋಬರ್ 29ರ ರಾತ್ರಿಯೊಂದರಲ್ಲೇ ಮಿನ್ಸ್ಕ್‌ನಲ್ಲಿ ನೂರಕ್ಕೂ ಹೆಚ್ಚು ಲೇಖಕರು, ವಿದ್ವಾಂಸರು, ಅಧಿಕಾರಿಗಳು ಗುಂಡಿಗೆ ಬಲಿಯಾದರು. ನಗರದ ಅಂಚಿನ ಕುರೊಪಾತಿ ಎಂಬ ಪೈನ್ ಕಾಡಿನಲ್ಲಿದ್ದ ಸಾಮೂಹಿಕ ಗೋರಿಗಳ ಸುದ್ದಿಯನ್ನು 1988ರಲ್ಲಿ ಬಯಲಿಗೆ ತಂದವರು ಪುರಾತತ್ವಜ್ಞ ಜೆನೊನ್ ಪೊಜ್ನ್ಯಾಕ್ ಮತ್ತು ಅವರ ಸಹಲೇಖಕ ಯೆವ್ಗೆನಿ ಶ್ಮಿಗಲೋವ್. ಬೆಲಾರೂಸ್‌ನ ಸ್ವಾತಂತ್ರ್ಯದ ಮಾತಿಗೆ ಕಸುವು ಬಂದದ್ದೇ ಆ ಗೋರಿಗಳಿಂದ ಎಂದರೆ ಅತಿಶಯೋಕ್ತಿಯಾಗದು.

ಸೋವಿಯತ್ ಒಕ್ಕೂಟ ಹೋದರೂ ಈ ಪದ್ಧತಿಯ ಒಂದು ಎಳೆ ಕಾನೂನಿನಲ್ಲೇ ಉಳಿಯಿತು. ಯುರೋಪಿನಲ್ಲಿ ಇಂದಿಗೂ ಮರಣದಂಡನೆಯನ್ನು ಜಾರಿಮಾಡುತ್ತಿರುವ ದೇಶ ಬೆಲಾರೂಸ್ ಒಂದೇ. ಅಪರಾಧಿಗೆ ಪಿಸ್ತೂಲಿನಿಂದ ತಲೆಯ ಹಿಂಭಾಗಕ್ಕೆ ಗುಂಡು ಹೊಡೆಯುತ್ತಾರೆ. ಶಿಕ್ಷೆಯ ದಿನವನ್ನು ಮುಂಚಿತವಾಗಿ ಮನೆಯವರಿಗೆ ಹೇಳುವುದಿಲ್ಲ, ದೇಹವನ್ನು ಕೊಡುವುದಿಲ್ಲ, ಹೂತ ಜಾಗವನ್ನೂ ತಿಳಿಸುವುದಿಲ್ಲ. ಕಾನೂನುಬದ್ಧವಾಗಿಯೇ ಗೋರಿಯನ್ನು ಮುಚ್ಚಿಡಬಲ್ಲ ಆಡಳಿತಕ್ಕೆ, ಕಾನೂನಿನ ಹೊರಗೂ ಅದನ್ನೇ ಮಾಡಲು ಹೊಸ ಉಪಕರಣ ಬೇಕಾಗಿರಲಿಲ್ಲ. ಇದು ಅಲಂಕಾರದ ಮಾತಲ್ಲವೆಂಬುದು ಪಿಸ್ತೂಲಿನ ಕಥೆ ಬಂದಾಗ ಗೊತ್ತಾಗುತ್ತದೆ.

ಅಲೆಕ್ಸಾಂಡರ್ ಲುಕಾಶೆಂಕೊ 1994ರ ಜುಲೈಯಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದದ್ದು ಬಹಿರಂಗ ಸ್ಪರ್ಧೆಯಲ್ಲಿ, ಭಾರಿ ಬಹುಮತದಿಂದ. ಆಗಿನ ಸಂವಿಧಾನದ ಪ್ರಕಾರ ಅವಧಿ ಐದು ವರ್ಷ. 1996ರ ನವೆಂಬರ್‌ನಲ್ಲಿ ಅವರು ಜನಮತಗಣನೆ ನಡೆಸಿ ಹೊಸ ಸಂವಿಧಾನ ತಂದರು, ತಮ್ಮನ್ನು ಎದುರಿಸುತ್ತಿದ್ದ 13ನೇ ಸುಪ್ರೀಂ ಸೋವಿಯತ್ ಸಂಸತ್ತನ್ನು ಬದಿಗೊತ್ತಿದರು, ಅವಧಿಯ ಲೆಕ್ಕವನ್ನು ಮೊದಲಿನಿಂದ ಶುರುಮಾಡಿದರು. ಆ ಜನಮತಗಣನೆಯನ್ನು ಒಪ್ಪದ ಚುನಾವಣಾ ಆಯೋಗದ ಅಧ್ಯಕ್ಷ ವಿಕ್ಟರ್ ಗೊಂಚಾರ್ ಅವರನ್ನು ಮತದಾನಕ್ಕೆ ಮುಂಚೆಯೇ ಹುದ್ದೆಯಿಂದ ಕಿತ್ತು, ಕಚೇರಿಯಿಂದ ಬಲವಂತವಾಗಿ ಹೊರಹಾಕಲಾಯಿತು. ಹಳೆಯ ಸಂವಿಧಾನವೇ ಸಿಂಧು ಎಂದು ನಂಬಿದವರ ಪಾಲಿಗೆ ಲುಕಾಶೆಂಕೊ ಅವಧಿ 1999ರ ಜುಲೈ 20ಕ್ಕೆ ಮುಗಿಯುತ್ತಿತ್ತು. ಆದ್ದರಿಂದ ಗೊಂಚಾರ್ ಆ ವರ್ಷದ ಮೇ ತಿಂಗಳಲ್ಲಿ ಪರ್ಯಾಯ ಅಧ್ಯಕ್ಷೀಯ ಚುನಾವಣೆಯನ್ನೇ ಏರ್ಪಡಿಸಿದರು. ಮತಗಟ್ಟೆಗಳಿಲ್ಲ, ಕಾರ್ಯಕರ್ತರು ಪೆಟ್ಟಿಗೆ ಹೊತ್ತು ಮನೆಮನೆಗೆ ಹೋಗಬೇಕು. ಅಭ್ಯರ್ಥಿಗಳು ಇಬ್ಬರು: ಅಷ್ಟರಲ್ಲೇ ಸೆರೆಮನೆ ಸೇರಿದ್ದ ಮಾಜಿ ಪ್ರಧಾನಿ ಮಿಖಾಯಿಲ್ ಚಿಗಿರ್ ಮತ್ತು ದೇಶ ಬಿಟ್ಟುಹೋಗಿದ್ದ, ಕುರೊಪಾತಿಯ ಅದೇ ಪೊಜ್ನ್ಯಾಕ್. ಇಂಥ ಚುನಾವಣೆ ಅಧಿಕಾರವನ್ನು ಬದಲಿಸುವ ಸಾಧ್ಯತೆ ಇರಲಿಲ್ಲ. ಆದರೆ ಅಧ್ಯಕ್ಷರ ಅವಧಿ ಮುಗಿದಿದೆ ಎಂಬ ಮಾತು ಮನೆ ಬಾಗಿಲಿಗೆ ಹೋಗುತ್ತಿತ್ತು.

ಮತದಾನ ಶುರುವಾದ ದಿನವೇ, ಮೇ 7ರ ರಾತ್ರಿ, ಯೂರಿ ಜಖರೆಂಕೊ ಕಾಣೆಯಾದರು. 1994–95ರಲ್ಲಿ ಲುಕಾಶೆಂಕೊ ಅವರ ಗೃಹಮಂತ್ರಿಯಾಗಿದ್ದು, ವಜಾಗೊಂಡ ಮೇಲೆ ವಿರೋಧ ಪಕ್ಷದ ಕಡೆ ಬಂದವರು. ಸೇನೆ ಮತ್ತು ಪೊಲೀಸಿನ ಅಧಿಕಾರಿಗಳ ಸಂಘಟನೆಯೊಂದನ್ನು ಕಟ್ಟುತ್ತಿದ್ದರು. ಗೊಂಚಾರ್ ಬಳಿ ಇದ್ದದ್ದು ಸಂವಿಧಾನದ ವಾದ. ಜಖರೆಂಕೊ ಬಳಿ ಇದ್ದದ್ದು ಸಮವಸ್ತ್ರದವರ ಪರಿಚಯ. ಎರಡನೆಯದು ಯಾವ ಅರಮನೆಗೂ ಹೆಚ್ಚು ಅಂಜಿಕೆ ತರುವಂಥದ್ದು. ಕಾರನ್ನು ನಿಲುಗಡೆಯಲ್ಲಿ ಬಿಟ್ಟು ಮನೆಯತ್ತ ನಡೆದುಹೊರಟ ಅವರು ಮನೆ ಮುಟ್ಟಲಿಲ್ಲ.

ನಾಲ್ಕು ತಿಂಗಳ ನಂತರ, ಸೆಪ್ಟೆಂಬರ್ 16ರ ಸಂಜೆ, ಗೊಂಚಾರ್ ತಮ್ಮ ಸ್ನೇಹಿತ ಅನತೋಲಿ ಕ್ರಾಸೊವ್ಸ್ಕಿ ಜೊತೆ ಮಿನ್ಸ್ಕ್‌ನ ಫಾಬ್ರಿಚ್ನಾಯ ಬೀದಿಯ ಉಗಿಸ್ನಾನದ ಮನೆಗೆ ಹೋದರು. ರಷ್ಯಾ, ಬೆಲಾರೂಸ್‌ಗಳಲ್ಲಿ ಗೆಳೆಯರು ವಾರಕ್ಕೊಮ್ಮೆ ಇಂಥ ‘ಬಾನ್ಯಾ’ದಲ್ಲಿ ಸೇರುವುದು ನಮ್ಮ ಊರುಗಳ ಹೋಟೆಲ್ ಹರಟೆಯಷ್ಟೇ ಸಹಜ. ಹೊರಬಂದು ಕಾರು ಹತ್ತಿದವರು ಮತ್ತೆ ಕಾಣಲಿಲ್ಲ. ಕ್ರಾಸೊವ್ಸ್ಕಿ ಅವರ ಜೀಪ್ ಕೂಡ. ನೆಲದ ಮೇಲೆ ಕಾರಿನ ಗಾಜಿನ ಚೂರುಗಳಿದ್ದವು, ರಕ್ತವಿತ್ತು. ಆ ರಕ್ತ ಗೊಂಚಾರ್ ಅವರದೆಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಕ್ರಾಸೊವ್ಸ್ಕಿ ಮುಂಚೂಣಿಯ ರಾಜಕಾರಣಿಯಲ್ಲ, ವಿರೋಧಿಗಳಿಗೆ ಹಣದ ನೆರವು ಕೊಡುತ್ತಿದ್ದ ಉದ್ಯಮಿ. ಆ ಸಂಜೆ ಜೊತೆಯಲ್ಲಿದ್ದದ್ದೇ ಅವರಿಗೆ ಮುಳುವಾಗಿರಬಹುದು.

ನಾಲ್ಕನೆಯವರು ದ್ಮಿತ್ರಿ ಜವಾದ್ಸ್ಕಿ. ವಯಸ್ಸು 27. ಒಂದು ಕಾಲಕ್ಕೆ ಸರ್ಕಾರಿ ದೂರದರ್ಶನದಲ್ಲಿ ಲುಕಾಶೆಂಕೊ ಅವರನ್ನೇ ಚಿತ್ರಿಸುವ ಕ್ಯಾಮೆರಾಮನ್ ಆಗಿದ್ದು, ಆಮೇಲೆ ರಷ್ಯದ ಒಆರ್‌ಟಿ ವಾಹಿನಿಯಲ್ಲಿ ಪತ್ರಕರ್ತ ಪಾವೆಲ್ ಶೆರೆಮೆತ್ ಜೊತೆಗಾರನಾದವರು. 1997ರಲ್ಲಿ ಇಬ್ಬರೂ ಲಿಥುವೇನಿಯ ಗಡಿಯ ಕಾವಲು ಎಷ್ಟು ಸಡಿಲ ಎಂದು ತೋರಿಸುವ ವರದಿ ಮಾಡಲು ಹೋಗಿ ಬಂಧಿತರಾದರು; ಅಮಾನತಿನಲ್ಲಿಟ್ಟ ಸೆರೆವಾಸದ ಶಿಕ್ಷೆಯೂ ಆಯಿತು. ನಂತರ ಚೆಚೆನ್ಯಾ ಯುದ್ಧವನ್ನು ಚಿತ್ರೀಕರಿಸಿ ಬಂದರು. 2000ದ ಜುಲೈ 7ರಂದು ಮಾಸ್ಕೊದಿಂದ ಬರುತ್ತಿದ್ದ ಶೆರೆಮೆತ್ ಅವರನ್ನು ಕರೆತರಲು ಜವಾದ್ಸ್ಕಿ ಮಿನ್ಸ್ಕ್ ವಿಮಾನ ನಿಲ್ದಾಣಕ್ಕೆ ಹೋದರು. ವಿಮಾನ ಇಳಿಯಿತು, ಶೆರೆಮೆತ್ ಹೊರಗೆ ಬಂದರು. ಕಾರು ನಿಲುಗಡೆಯಲ್ಲಿ ಬೀಗ ಹಾಕಿದಂತೆಯೇ ನಿಂತಿತ್ತು, ಕರೆದೊಯ್ಯಬೇಕಾದವನು ಇರಲಿಲ್ಲ.

ಮೊದಲಿಗೆ ಸರ್ಕಾರದ ಬಾಯಲ್ಲಿ ಬಂದದ್ದು ಇಂಥ ಕಡೆಗಳಲ್ಲೆಲ್ಲ ಕೇಳಿಬರುವ ಉತ್ತರಗಳೇ: ಅವರು ವಿದೇಶದಲ್ಲಿ ಅಡಗಿರಬಹುದು, ಇದು ಅವರದೇ ನಾಟಕವಿರಬಹುದು. ಆದರೆ ಆಡಳಿತದ ಒಳಗೇ ಇದ್ದ ಕೆಲವರು ಬೇರೆಯದನ್ನು ನೋಡಿದ್ದರು. ಮಿನ್ಸ್ಕ್‌ನ ನಡುವೆ, ವೊಲೊದಾರ್ಸ್ಕಿ ಬೀದಿಯಲ್ಲಿ, 19ನೇ ಶತಮಾನದ ಕೋಟೆಯೊಂದು ಸೆರೆಮನೆಯಾಗಿತ್ತು. ಜನ ಅದನ್ನು ‘ವೊಲೊದಾರ್ಕ’ ಎನ್ನುತ್ತಾರೆ. ಮರಣದಂಡನೆಗೆ ಗುರಿಯಾದವರನ್ನು ಇಡುತ್ತಿದ್ದದ್ದು ಅಲ್ಲೇ. 1996ರ ಕೊನೆಯಿಂದ ಅದರ ಮುಖ್ಯಸ್ಥರಾಗಿದ್ದ ಕರ್ನಲ್ ಒಲೆಗ್ ಅಲ್ಕಾಯೆವ್ ಶಿಕ್ಷೆ ಜಾರಿಮಾಡುವ ತಂಡದ ಹೊಣೆಯನ್ನೂ ಹೊತ್ತಿದ್ದರು. ಆ ತಂಡದ ಸದ್ದಡಗಿಸುವ ಪಿಸ್ತೂಲು ಸೆರೆಮನೆಯ ಶಸ್ತ್ರಾಗಾರದಲ್ಲಿ ಲೆಕ್ಕಕ್ಕೆ ಸೇರಿದ ವಸ್ತು. ಅಲ್ಕಾಯೆವ್ ಹೇಳಿಕೆಯಂತೆ, ಗೃಹಮಂತ್ರಿ ಯೂರಿ ಸಿವಕೋವ್ ಅವರ ಆದೇಶದ ಮೇರೆಗೆ ಅದನ್ನು ಎರಡು ಬಾರಿ ಹೊರಗಿನವರಿಗೆ ಕೊಡಲಾಯಿತು. ಮೊದಲ ಬಾರಿ ಹೋದದ್ದು 1999ರ ಏಪ್ರಿಲ್ 30, ಬಂದದ್ದು ಮೇ 14. ಎರಡನೇ ಬಾರಿ ಹೋದದ್ದು ಸೆಪ್ಟೆಂಬರ್ 16, ಬಂದದ್ದು ಸೆಪ್ಟೆಂಬರ್ 18.

ಈ ದಿನಾಂಕಗಳನ್ನು ಅಲ್ಕಾಯೆವ್ ಕಾಣೆಯಾದವರ ದಿನಾಂಕಗಳ ಪಕ್ಕದಲ್ಲಿಟ್ಟು ನೋಡಿದರು. ಕೊಲ್ಲುವ ಆಯುಧಕ್ಕೂ ರಸೀದಿ ಬೇಕೆನ್ನುವ ಗುಮಾಸ್ತ ಶಿಸ್ತೇ ಇಲ್ಲಿ ಸಾಕ್ಷಿಯಾಗಿ ನಿಂತದ್ದು ವಿಚಿತ್ರ. ಯಾವುದೇ ಕಳ್ಳ ಬಂದೂಕಿನಿಂದ ಈ ಕೆಲಸ ನಡೆದಿದ್ದರೆ ಕಡತವೇ ಹುಟ್ಟುತ್ತಿರಲಿಲ್ಲ. ಸರ್ಕಾರಿ ಪಿಸ್ತೂಲನ್ನೇ ಏಕೆ ಬಳಸಬೇಕಾಗಿತ್ತು ಎಂಬುದಕ್ಕೆ ಒಂದು ವಿವರಣೆ ಇದೆ: ಕೊಲ್ಲುವವರಿಗೆ ಇದು ಕೊಲೆಯಲ್ಲ, ಶಿಕ್ಷೆಯ ಜಾರಿ ಎಂಬ ಭಾವನೆ ಬರಲಿ ಎಂದು. ಊಹೆಯೇ ಆದರೂ ತಳ್ಳಿಹಾಕುವಂಥದ್ದಲ್ಲ.

2000ದ ನವೆಂಬರ್‌ನಲ್ಲಿ ಕೆಲವು ದಿನ ಪ್ರಕರಣ ಬಯಲಾಗಿಯೇಬಿಡುತ್ತದೆ ಎನ್ನಿಸಿತ್ತು. ಅಪರಾಧ ಪತ್ತೆ ಪೊಲೀಸಿನ ಮುಖ್ಯಸ್ಥ ಜನರಲ್ ನಿಕೊಲಾಯ್ ಲೋಪಾತಿಕ್ ನವೆಂಬರ್ 21ರಂದು ಆಗಿನ ಗೃಹಮಂತ್ರಿ ವ್ಲಾದಿಮಿರ್ ನೌಮೊವ್ ಅವರಿಗೆ ಕೈಬರಹದ ಟಿಪ್ಪಣಿ ಕಳಿಸಿದರು. ಅದರ ಸಾರ ಹೀಗೆ: ಭದ್ರತಾ ಮಂಡಳಿಯ ಕಾರ್ಯದರ್ಶಿ ವಿಕ್ಟರ್ ಶೈಮನ್ ಅವರ ಸೂಚನೆಯಂತೆ ಸಿವಕೋವ್ ಪಿಸ್ತೂಲನ್ನು ಕೊಡಿಸಿದರು, ವಿಶೇಷ ಕ್ಷಿಪ್ರದಳದ ಕಮಾಂಡರ್ ದ್ಮಿತ್ರಿ ಪಾವ್ಲಿಚೆಂಕೊ ತಂಡವು ಜಖರೆಂಕೊ ಅವರನ್ನೂ, ಆಮೇಲೆ ಗೊಂಚಾರ್ ಮತ್ತು ಕ್ರಾಸೊವ್ಸ್ಕಿ ಅವರನ್ನೂ ಹಿಡಿದು ಕೊಂದಿತು. ಅದೇ ವಾರ ಕೆಜಿಬಿ ಪಾವ್ಲಿಚೆಂಕೊ ಅವರನ್ನು ಬಂಧಿಸಿತು. ಬೆಲಾರೂಸ್ ತನ್ನ ಗುಪ್ತಚರ ಸಂಸ್ಥೆಯ ಸೋವಿಯತ್ ಹೆಸರನ್ನು ಇಂದಿಗೂ ಬದಲಿಸಿಲ್ಲ. ಹೂತ ದೇಹಗಳನ್ನು ಹುಡುಕುವ ಉಪಕರಣ ಕೊಡಿ ಎಂದು ಪ್ರಾಸಿಕ್ಯೂಟರ್ ಜನರಲ್ ಒಲೆಗ್ ಬೊಝೆಲ್ಕೊ ರಷ್ಯಕ್ಕೆ ಬರೆದರು.

ಉಪಕರಣ ಬರುವ ಮುಂಚೆ ಕುರ್ಚಿಗಳೇ ಬದಲಾದವು. ಪಾವ್ಲಿಚೆಂಕೊ ಕೆಲವೇ ದಿನಗಳಲ್ಲಿ ಬಿಡುಗಡೆಯಾದರು. ನವೆಂಬರ್ 27ರಂದು ಬೊಝೆಲ್ಕೊ ಮತ್ತು ಕೆಜಿಬಿ ಮುಖ್ಯಸ್ಥ ವ್ಲಾದಿಮಿರ್ ಮಾತ್ಸ್ಕೆವಿಚ್ ಇಬ್ಬರೂ ಹುದ್ದೆ ಕಳೆದುಕೊಂಡರು. ಹೊಸ ಪ್ರಾಸಿಕ್ಯೂಟರ್ ಜನರಲ್ ಆಗಿ ಬಂದವರು, ಟಿಪ್ಪಣಿಯಲ್ಲಿ ಹೆಸರಿದ್ದ ಶೈಮನ್. ತನಿಖೆಯ ಮೇಲ್ವಿಚಾರಣೆ ಹೀಗೆ ಅವರ ಕೈಗೇ ಬಂತು. 2001ರಲ್ಲಿ ಇಬ್ಬರು ತನಿಖಾಧಿಕಾರಿಗಳು ದೇಶ ಬಿಟ್ಟು ಅಮೆರಿಕದಲ್ಲಿ ಆಶ್ರಯ ಪಡೆದರು. ಅಲ್ಕಾಯೆವ್ ಜರ್ಮನಿ ಸೇರಿದರು. ಲೋಪಾತಿಕ್ ಟಿಪ್ಪಣಿ ಪತ್ರಿಕೆಗಳಲ್ಲಿ ಅಚ್ಚಾಯಿತು. ಹೆಸರು ಬಂದ ಅಧಿಕಾರಿಗಳು ಆರೋಪವನ್ನು ಅಂದೂ ಅಲ್ಲಗಳೆದರು, ಆಮೇಲೂ ಅಲ್ಲಗಳೆಯುತ್ತಲೇ ಬಂದಿದ್ದಾರೆ.

ದೇಶದ ಒಳಗೆ ಶಿಕ್ಷೆಯವರೆಗೆ ಹೋದದ್ದು ಜವಾದ್ಸ್ಕಿ ಪ್ರಕರಣ ಮಾತ್ರ, ಅದೂ ಅರ್ಧಂಬರ್ಧ. ‘ಅಲ್ಮಾಜ್’ ಎಂಬ ವಿಶೇಷ ದಳದ ಮಾಜಿ ಸದಸ್ಯ ವಲೆರಿ ಇಗ್ನಾತೊವಿಚ್ ಕಾರಿನಲ್ಲಿ ಸಿಕ್ಕ ಸಲಿಕೆಯ ಮೇಲೆ ಜವಾದ್ಸ್ಕಿ ರಕ್ತದ ಗುರುತಿತ್ತು. ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ನಡೆದು, 2002ರ ಮಾರ್ಚ್‌ನಲ್ಲಿ ಅವನಿಗೂ ಅವನ ಸಹಚರನಿಗೂ ಜೀವಾವಧಿ ಶಿಕ್ಷೆಯಾಯಿತು. ಚೆಚೆನ್ಯಾ ಕುರಿತು ಜವಾದ್ಸ್ಕಿ ಪತ್ರಿಕೆಗೆ ಹೇಳಿದ್ದ ಮಾತಿನಿಂದ ಕೆರಳಿ ಸೇಡು ತೀರಿಸಿಕೊಂಡರು ಎಂಬುದು ಸರ್ಕಾರದ ವಾದ. ಸಾಬೀತಾದದ್ದು ಅಪಹರಣ, ಅಪಹರಿಸಿದವನನ್ನು ಏನು ಮಾಡಿದರು, ಎಲ್ಲಿಟ್ಟರು ಎಂಬುದು ತೀರ್ಪಿನಲ್ಲಿಲ್ಲ. ಸಲಿಕೆ ಸಿಕ್ಕಿತು, ಅಗೆದ ಜಾಗ ಸಿಗಲಿಲ್ಲ.

ಮುಂದಿನ ಕೆಲಸ ನಡೆದದ್ದು ಹೊರಗೆ. ಯುರೋಪ್ ಮಂಡಳಿಯ ಸಂಸದೀಯ ಸಭೆಗಾಗಿ ಸೈಪ್ರಸ್‌ನ ವಕೀಲ, ಸಂಸದ ಕ್ರಿಸ್ಟೋಸ್ ಪೂರ್ಗೂರಿದಿಸ್ ಮಿನ್ಸ್ಕ್‌ಗೂ ಹೋಗಿ, ಅಲ್ಕಾಯೆವ್ ಹೇಳಿಕೆ ಮತ್ತು ಲೋಪಾತಿಕ್ ಟಿಪ್ಪಣಿಯನ್ನು ತಾಳೆ ನೋಡಿ, 2004ರಲ್ಲಿ ವರದಿ ಕೊಟ್ಟರು. ಸತ್ಯವನ್ನು ಮುಚ್ಚಿಹಾಕುವ ಕ್ರಮ ಆಡಳಿತದ ಅತ್ಯುನ್ನತ ಮಟ್ಟದಲ್ಲೇ ನಡೆದಿದೆ, ಹಿರಿಯ ಅಧಿಕಾರಿಗಳೇ ಇದರಲ್ಲಿ ಭಾಗಿಗಳಾಗಿರಬಹುದು ಎಂಬುದು ಅದರ ತೀರ್ಮಾನ. ಅದೇ ವರ್ಷ ಐರೋಪ್ಯ ಒಕ್ಕೂಟ ಶೈಮನ್, ಸಿವಕೋವ್, ನೌಮೊವ್, ಪಾವ್ಲಿಚೆಂಕೊ ಅವರ ಪ್ರವೇಶವನ್ನು ನಿಷೇಧಿಸಿತು. ವರ್ಷಾಂತ್ಯಕ್ಕೆ ಶೈಮನ್ ಅಧ್ಯಕ್ಷರ ಆಡಳಿತ ಕಚೇರಿಯ ಮುಖ್ಯಸ್ಥರಾದರು. ಕ್ರಾಸೊವ್ಸ್ಕಿ ಕುಟುಂಬದ ದೂರಿನ ಮೇಲೆ, ಬೆಲಾರೂಸ್ ಸರಿಯಾದ ತನಿಖೆ ನಡೆಸಿಲ್ಲವೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2012ರಲ್ಲಿ ಹೇಳಿತು. ಇತ್ತ 2005ರಿಂದ ಪ್ರತಿ ತಿಂಗಳ 16ರಂದು ಕೆಲವರು ಕಿಟಕಿಯಲ್ಲಿ ಮೇಣದಬತ್ತಿ ಹಚ್ಚುವ ರೂಢಿ ಬಂತು. ಗೊಂಚಾರ್ ಮತ್ತು ಕ್ರಾಸೊವ್ಸ್ಕಿ ಹೋದ ದಿನಾಂಕ ಅದು.

ಅರ್ಜೆಂಟಿನಾದಲ್ಲಿ 1984ರ ಆಯೋಗ ದಾಖಲಿಸಿದ ಕಣ್ಮರೆಗಳೇ 8,961. ಅದರೆದುರು ನಾಲ್ಕು ಅತಿ ಸಣ್ಣ ಸಂಖ್ಯೆ. ಆದರೆ ಮಿನ್ಸ್ಕ್‌ನಲ್ಲಿ ಅಷ್ಟೇ ಸಾಕಾಯಿತು: ಸಮವಸ್ತ್ರದವರನ್ನು ಕೂಡಿಸುವವನು, ಸಂವಿಧಾನ ಓದಿ ಹೇಳುವವನು, ಹಣ ಕೊಡುವವನು, ಚಿತ್ರ ತೆಗೆಯುವವನು, ನಾಲ್ವರೂ ಹೋದರು. ಇಂಥ ಕೃತ್ಯಗಳ ವಿರುದ್ಧ ‘ಬಲವಂತದ ಕಣ್ಮರೆ’ ಎಂಬ ಹೆಸರಿನಲ್ಲೇ ವಿಶ್ವಸಂಸ್ಥೆಯ ಒಪ್ಪಂದವೊಂದು 2006ರಲ್ಲಿ ರೂಪುಗೊಂಡು 2010ರಲ್ಲಿ ಜಾರಿಗೆ ಬಂತು. ಭಾರತ 2007ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ.

ವಿಮಾನ ನಿಲ್ದಾಣದಲ್ಲಿ ಕಾದ ಶೆರೆಮೆತ್ 2016ರ ಜುಲೈ 20ರಂದು ಕೀವ್ ನಗರದಲ್ಲಿ ಕಾರುಬಾಂಬಿಗೆ ಬಲಿಯಾದರು. ಅವರನ್ನು ಕೊಲ್ಲುವ ಮಾತು ಬೆಲಾರೂಸ್ ಕೆಜಿಬಿಯೊಳಗೆ 2012ರಲ್ಲೇ ನಡೆದಿತ್ತೆಂದು ತೋರಿಸುವ ಧ್ವನಿಮುದ್ರಿಕೆ 2021ರಲ್ಲಿ ಹೊರಬಂತು. ಆ ಕೊಲೆಯೂ ಬಗೆಹರಿದಿಲ್ಲ.

2019ರ ಡಿಸೆಂಬರ್‌ನಲ್ಲಿ ಯೂರಿ ಗರಾವ್ಸ್ಕಿ ಎಂಬಾತ ಜರ್ಮನಿಯ ಡಾಯಿಚೆ ವೆಲ್ಲೆ ಸುದ್ದಿಸಂಸ್ಥೆಗೆ ತಾನೇ ಪಾವ್ಲಿಚೆಂಕೊ ತಂಡದಲ್ಲಿದ್ದೆ ಎಂದು ಹೇಳಿಕೊಂಡ. ತಾವು ಹಿಡಿದುಕೊಟ್ಟವರಿಗೆ ಪಾವ್ಲಿಚೆಂಕೊ ಗುಂಡು ಹೊಡೆದರು, ಜಖರೆಂಕೊ ದೇಹ ಮಿನ್ಸ್ಕ್‌ನ ಉತ್ತರ ಸ್ಮಶಾನದ ಚಿತಾಗಾರಕ್ಕೆ ಹೋಯಿತು, ಗೊಂಚಾರ್ ಮತ್ತು ಕ್ರಾಸೊವ್ಸ್ಕಿ ಅವರನ್ನು ಬೆಗೊಮ್ಲ್ ಬಳಿಯ ಸೇನಾ ನೆಲೆಯಲ್ಲಿ ಹೂತರು ಎಂಬುದು ಆತನ ಕಥನ. ಆತ ಸ್ವಿಟ್ಜರ್ಲೆಂಡ್‌ನಲ್ಲಿ ಆಶ್ರಯ ಕೇಳಿ ನೆಲೆಸಿದ್ದ. ಆ ದೇಶದ ಕಾನೂನಿನಲ್ಲಿ ಬಲವಂತದ ಕಣ್ಮರೆ ಅಪರಾಧ. ಜಖರೆಂಕೊ ಮತ್ತು ಕ್ರಾಸೊವ್ಸ್ಕಿ ಅವರ ಹೆಣ್ಣುಮಕ್ಕಳು ದೂರುದಾರರಾಗಿ, 2023ರ ಸೆಪ್ಟೆಂಬರ್‌ನಲ್ಲಿ ಸೇಂಟ್ ಗ್ಯಾಲನ್‌ನಲ್ಲಿ ವಿಚಾರಣೆ ನಡೆಯಿತು. ತಪ್ಪೊಪ್ಪಿಕೊಂಡವನೇ ಕಟಕಟೆಯಲ್ಲಿದ್ದ, ಅವನ ಮಾತು ನಿಜವೆಂದು ಸಾಧಿಸಬೇಕಾದವರು ಸಂತ್ರಸ್ತರ ಪರ ನಿಂತವರು. ಆದರೆ ಒಂದು ಹೇಳಿಕೆಯಿಂದ ಇನ್ನೊಂದಕ್ಕೆ ವಿವರಗಳು ಬದಲಾಗಿದ್ದವು, ತಾಳೆ ನೋಡಲು ದೇಹವಿರಲಿಲ್ಲ, ಬೆಗೊಮ್ಲ್‌ನ ನೆಲವನ್ನು ಅಗೆಯಲು ಸ್ವಿಸ್ ಪೊಲೀಸರಿಗೆ ಅಧಿಕಾರವಿರಲಿಲ್ಲ. ಆತ ಖುದ್ದಾಗಿ ಪಾಲ್ಗೊಂಡಿದ್ದ ಎಂಬುದು ಸಂಶಯಾತೀತವಾಗಿ ಸಾಬೀತಾಗಿಲ್ಲವೆಂದು ನ್ಯಾಯಾಲಯ ಸೆಪ್ಟೆಂಬರ್ 28ರಂದು ಗರಾವ್ಸ್ಕಿಯನ್ನು ಖುಲಾಸೆ ಮಾಡಿತು.