ಕೊಳಗಲ್ಲಲ್ಲಿ ಕೂತು ಹೈದರಾಬಾದ್ ಕಂಪನಿಗೆ ಕೆಲಸ: ತೆರಿಗೆ ಯಾವ ರಾಜ್ಯಕ್ಕೆ?

ಕೊಳಗಲ್ಲು (ಬಳ್ಳಾರಿ): ಊರಲ್ಲೇ ಕೂತು ಲ್ಯಾಪ್‌ಟಾಪ್‌ನಲ್ಲಿ ಬೆಂಗಳೂರು, ಹೈದರಾಬಾದ್ ಕಂಪನಿಗಳಿಗೆ ಕೆಲಸ ಮಾಡೋರು ಸಂಬಳದ ಚೀಟಿಯಲ್ಲಿ ಒಂದು ಸಾಲು ನೋಡಲೇಬೇಕು. ಅದೇ 'ಪಿ.ಟಿ', ಅಂದರೆ ವೃತ್ತಿ ತೆರಿಗೆ.

ರಾಜ್ಯಕ್ಕೂ ಆದಾಯ ತೆರಿಗೆ ಕಟ್ಟಬೇಕಾ?

ಬೇಕಿಲ್ಲ. ಸಂಬಳದ ಮೇಲೆ ಆದಾಯ ತೆರಿಗೆ ಹಾಕುವ ಅಧಿಕಾರ ಕೇಂದ್ರಕ್ಕೆ ಮಾತ್ರ ಇದೆ. ಅಮೆರಿಕದಲ್ಲಿ ಹೆಚ್ಚಿನ ರಾಜ್ಯಗಳು ಪ್ರತ್ಯೇಕ ಆದಾಯ ತೆರಿಗೆ ಹಾಕುತ್ತವೆ. ಹಾಗಾಗಿ ಮನೆ ಒಂದು ರಾಜ್ಯ, ಕಂಪನಿ ಇನ್ನೊಂದು ರಾಜ್ಯ ಆದರೆ ಅಲ್ಲಿ ತಲೆನೋವು. ನಮ್ಮಲ್ಲಿ ಬಳ್ಳಾರಿಯಲ್ಲಿದ್ದರೂ, ಬೆಂಗಳೂರಲ್ಲಿದ್ದರೂ ಆದಾಯ ತೆರಿಗೆ ದರ ಒಂದೇ. 2025-26ನೇ ಹಣಕಾಸು ವರ್ಷಕ್ಕೆ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12.75 ಲಕ್ಷ ರೂ.ವರೆಗಿನ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ.

ಹಾಗಾದರೆ ರಾಜ್ಯಕ್ಕೆ ಹೋಗೋದು ಏನು?

ವೃತ್ತಿ ತೆರಿಗೆ. ಕರ್ನಾಟಕದಲ್ಲಿ ಇದಕ್ಕೆ 1976ರ ಕಾಯ್ದೆ ಇದೆ. 2023ರ ಏಪ್ರಿಲ್‌ನಿಂದ ತಿಂಗಳ ಸಂಬಳ 25 ಸಾವಿರಕ್ಕಿಂತ ಕಡಿಮೆ ಇದ್ದರೆ ಏನೂ ಇಲ್ಲ. 25 ಸಾವಿರ ಅಥವಾ ಹೆಚ್ಚಿದ್ದರೆ ತಿಂಗಳಿಗೆ 200 ರೂ. 2025ರ ಏಪ್ರಿಲ್‌ನಿಂದ ಜಾರಿಯಾದ ಬದಲಾವಣೆಯಂತೆ ಫೆಬ್ರುವರಿಯಲ್ಲಿ ಮಾತ್ರ 300 ರೂ. ಒಟ್ಟು ವರ್ಷಕ್ಕೆ 2,500 ರೂ. ಸಂವಿಧಾನದ 276ನೇ ವಿಧಿ ಪ್ರಕಾರ ಯಾವ ರಾಜ್ಯವೂ ಒಬ್ಬರಿಂದ ವರ್ಷಕ್ಕೆ ಇದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ.

ಹೈದರಾಬಾದ್ ಕಂಪನಿ ಆದರೆ?

ಇಲ್ಲೇ ದುಡ್ಡು ಸೋರುವುದು. ತೆಲಂಗಾಣದಲ್ಲಿ 15 ಸಾವಿರ ದಾಟಿದರೆ 150 ರೂ., 20 ಸಾವಿರ ದಾಟಿದರೆ 200 ರೂ. ಉದಾಹರಣೆಗೆ 22 ಸಾವಿರ ಸಂಬಳದವರಿಗೆ ಕರ್ನಾಟಕದ ಲೆಕ್ಕದಲ್ಲಿ ಪೈಸೆ ಇಲ್ಲ. ಕಂಪನಿ ದಾಖಲೆಯಲ್ಲಿ ಕೆಲಸದ ಸ್ಥಳ ಹೈದರಾಬಾದ್ ಅಂತಲೇ ಇದ್ದರೆ ವರ್ಷಕ್ಕೆ 2,400 ರೂ. ಕಟ್ ಆಗಬಹುದು. ಕರ್ನಾಟಕದ ಕಾಯ್ದೆ ನೋಡೋದು ರಾಜ್ಯದೊಳಗೆ ಕೆಲಸ ಮಾಡುವವರನ್ನು. ಹಾಗಾಗಿ ಪೂರ್ತಿ ಮನೆಯಿಂದಲೇ ಕೆಲಸ ಮಾಡೋರು ಕೆಲಸದ ಸ್ಥಳ ಬಳ್ಳಾರಿ ಜಿಲ್ಲೆ, ಕರ್ನಾಟಕ ಎಂದು ದಾಖಲಿಸುವಂತೆ ಕಂಪನಿಯ ಎಚ್‌ಆರ್‌ಗೆ ಮೇಲ್ ಹಾಕಬೇಕು. ಬೆಂಗಳೂರು ಕಂಪನಿಯವರಿಗೆ ಈ ತೊಂದರೆ ಇಲ್ಲ, ರಾಜ್ಯ ಒಂದೇ.

ಫ್ರೀಲಾನ್ಸ್ ಮಾಡೋರು

ಬಿಲ್ ಕೊಟ್ಟು ಕೆಲಸ ಮಾಡೋರಿಗೆ ಕಂಪನಿಗಳು ಸಾಮಾನ್ಯವಾಗಿ ಟಿಡಿಎಸ್ ಹಿಡಿದೇ ಹಣ ಹಾಕುತ್ತವೆ. ಒಟ್ಟು ಆದಾಯ ತೆರಿಗೆ ಮಿತಿಯೊಳಗೇ ಇದ್ದರೂ ಆ ಹಣ ತಾನಾಗಿ ವಾಪಸ್ ಬರಲ್ಲ, ರಿಟರ್ನ್ ಸಲ್ಲಿಸಲೇಬೇಕು. ಎಷ್ಟು ಹಿಡಿದಿದ್ದಾರೆ ಅನ್ನೋದು ಆದಾಯ ತೆರಿಗೆ ಪೋರ್ಟಲ್‌ನ 26ಎಎಸ್‌ನಲ್ಲಿ ಕಾಣುತ್ತದೆ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯೂ ಬೇಕು.

ಅಂಗಡಿಯವರು ಗಮನಿಸಿ

ಅಂಗಡಿಯಲ್ಲಿ 25 ಸಾವಿರ ಅಥವಾ ಹೆಚ್ಚು ಸಂಬಳದ ಕೆಲಸಗಾರರಿದ್ದರೆ ವೃತ್ತಿ ತೆರಿಗೆ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಗೆ ಕಟ್ಟುವ ಹೊಣೆ ಮಾಲೀಕರದ್ದು. ಹಿಡಿಯದೆ ಬಿಟ್ಟರೂ ಕಟ್ಟಬೇಕಾದವರು ಮಾಲೀಕರೇ.