ಚಾಲಗೇಣಿಯಿಂದ ಗಣಕೀಕೃತ ಪಹಣಿಯವರೆಗೆ



ಸರಕಾರದ ಕಡತಗಳು ಗಣಕಯಂತ್ರವನ್ನೇರಿದ ಮೇಲೆ ಬಡವ-ಬಲ್ಲಿದರ ಅಂತರ ಕುಗ್ಗಿತೇ ಎಂಬ ಪ್ರಶ್ನೆಗೆ ನಮ್ಮ ಉಡುಪಿ, ಕಾಪು, ಕಾರ್ಕಳದ ಗದ್ದೆಗಳ ಚರಿತ್ರೆಯಲ್ಲೇ ಒಂದು ಉತ್ತರವಿದೆ.

ಅವಿಭಜಿತ ದಕ್ಷಿಣ ಕನ್ನಡದಲ್ಲಿ ಮೂಲಗೇಣಿಯ ಒಕ್ಕಲಿಗೆ ಶಾಶ್ವತ ಹಕ್ಕಿತ್ತು. ಚಾಲಗೇಣಿಯವನನ್ನು ಧಣಿಗಳು ಎಬ್ಬಿಸಬಹುದಿತ್ತು. ಬೆಳೆದ ಅಕ್ಕಿ ಮುಡಿಗಟ್ಟಲೆ ಗೇಣಿಗೆ ಸಲ್ಲುತ್ತಿತ್ತು. ದೇವರಾಜ ಅರಸರ ಸರಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿ ಜಮೀನುಗಳು ಸರಕಾರದಲ್ಲಿ ನಿಹಿತವಾದವು. ಒಕ್ಕಲುಗಳು 'ಡಿಕ್ಲರೇಶನ್' ಕೊಟ್ಟರು. ಭೂನ್ಯಾಯ ಮಂಡಳಿಗಳು ವಿಚಾರಣೆ ನಡೆಸಿ, ಉಳುವವನ ಹೆಸರನ್ನು ಹಕ್ಕುಪತ್ರದಲ್ಲಿ ಬರೆದವು. ನಮ್ಮಲ್ಲಿ ಅನೇಕರು ಶಾಲೆಯ ಮೆಟ್ಟಿಲು ಹತ್ತಿದ್ದು ಈ ಹೆಸರಿನ ಬಲದಿಂದಲೇ.

ಆಮೇಲೆ, 2000ದ ಸುಮಾರಿಗೆ 'ಭೂಮಿ' ಯೋಜನೆ ಬಂದಿತು. ರಾಜ್ಯದ ಸುಮಾರು 67 ಲಕ್ಷ ಭೂಮಾಲಕರ 2 ಕೋಟಿ ಪಹಣಿಗಳು ಗಣಕೀಕೃತಗೊಂಡವು. ಗ್ರಾಮಕರಣಿಕರ ಕೈಬರಹದ ಪ್ರತಿಗಾಗಿ ಅಲೆಯಬೇಕಿದ್ದ ರೈತನಿಗೆ ತಾಲೂಕು ಕಛೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ದೊರೆಯತೊಡಗಿತು. ಕೈ ಬೆಚ್ಚಗೆ ಮಾಡುವ ಕಾಟ ತಗ್ಗಿತು; ಸಣ್ಣ ಹಿಡುವಳಿದಾರನಿಗೆ ಬ್ಯಾಂಕಿನ ಸಾಲದ ದಾರಿ ಸುಗಮವಾಯಿತು. ಇದು ಸಣ್ಣ ಉಪಕಾರವಲ್ಲ.

ಆದರೆ ಯಂತ್ರವು ಕಡತದಲ್ಲಿದ್ದುದನ್ನೇ ಕಾಯುತ್ತದೆ. ಗದ್ದೆ ಉತ್ತು, ನೇಜಿ ನೆಟ್ಟ ಕೂಲಿಯಾಳುಗಳು ಗೇಣಿದಾರರಾಗಿರಲಿಲ್ಲ. 1974ರ ಕಾನೂನು ಅವರಿಗೆ ವಾಸದ ಮನೆಯ ಹಕ್ಕನ್ನು ಕೊಟ್ಟಿತೇ ಹೊರತು ಗದ್ದೆಯನ್ನಲ್ಲ. ಆದ್ದರಿಂದ ಸಾಗುವಳಿ ಭೂಮಿಯ ಪಹಣಿಯಲ್ಲಿ ಅವರ ಹೆಸರು ಬರಲಿಲ್ಲ. 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ನಿಧಿಯ ವರ್ಷಕ್ಕೆ 6,000 ರೂಪಾಯಿ ಜಮೀನುಳ್ಳ ರೈತ ಕುಟುಂಬಕ್ಕೆ ನೇರವಾಗಿ ಖಾತೆಗೆ ಬರುತ್ತದೆ; ಅದೇ ಗದ್ದೆಯಲ್ಲಿ ದುಡಿಯುವ ಭೂರಹಿತನಿಗೆ ಇಲ್ಲ. 2023ರ ಗೃಹಲಕ್ಷ್ಮಿ ಯೋಜನೆಯಾದರೋ ಪಹಣಿಯನ್ನು ಕೇಳದೆ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನಿಗದಿಪಡಿಸಿತು. ಎರಡೂ ನೇರವಾಗಿ ಖಾತೆಗೆ ಬರುವ ಹಣವೇ. ಯಾರಿಗೆ ಸಲ್ಲಬೇಕೆಂಬ ನಿಯಮ ಮಾತ್ರ ಬೇರೆ.

ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಡಳಿತದ ಗಣಕಯಂತ್ರಗಳು ಎಷ್ಟೇ ಚುರುಕಾಗಿದ್ದರೂ, ಸಂಪತ್ತನ್ನು ಹಂಚುವ ಕೆಲಸ ಶಾಸನದ್ದು. ನಮ್ಮ ಜಿಲ್ಲೆಯಲ್ಲಿ ಆ ಶಾಸನ ಮೊದಲು ಬಂದು, ಯಂತ್ರ ಆಮೇಲೆ ಬಂದುದು ಒಕ್ಕಲು ಕುಟುಂಬಗಳ ಪುಣ್ಯ.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಭೂನ್ಯಾಯ ಮಂಡಳಿಯ ತೀರ್ಪಿನ ಪ್ರತಿಯಿದ್ದರೆ ಜೋಪಾನವಾಗಿಡಿ. ಅದನ್ನೊಮ್ಮೆ ಮಕ್ಕಳಿಗೆ ಓದಿ ಹೇಳಿ.