ಹಡಗಿನ ಇಂಜಿನಿಯರನ ಗೆರೆಗಳು

ಯಂತ್ರ ನಡೆಸುವವನಿಗೆ ನಕ್ಷೆ ಬರೆಯುವ ಗೊಡವೆ ಏಕೆ? ಉತ್ತರ ಉಗಿಹಡಗಿನ ಚರಿತ್ರೆಯಲ್ಲಿದೆ.

ಪರದೇಶಗಳಿಗೆ ಹೋಗುವ ಬ್ರಿಟಿಷ್ ಹಡಗಿನ ಕಪ್ತಾನರಿಗೆ 1850ರ ಕಾಯಿದೆ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಇಂಜಿನಿಯರರ ಸರದಿ ಬಂದದ್ದು 1862ರಲ್ಲಿ. ಅಂದಿನ ಲೆಕ್ಕದ 100 ಅಶ್ವಶಕ್ತಿಯ ಅಥವಾ ಅದಕ್ಕೂ ಮೇಲಿನ ಇಂಥ ಉಗಿಹಡಗುಗಳಲ್ಲಿ ಅರ್ಹತಾಪತ್ರ ಪಡೆದ ಇಬ್ಬರು ಇಂಜಿನಿಯರರು ಇರಲೇಬೇಕಾಯಿತು. ಮೊದಲ ದರ್ಜೆಯನ್ನು ಬಯಸಿದವನು ಯಂತ್ರ, ಬಾಯ್ಲರುಗಳ ಭಾಗಗಳನ್ನು ಕೆಲಸಕ್ಕೆ ಒದಗುವಂತೆ ಬರೆದು ತೋರಿಸಬೇಕಿತ್ತು.

ಅಲಂಕಾರಕ್ಕೆ ಅಲ್ಲಿ ಎಡೆಯಿಲ್ಲ. ನಡುಗಡಲಲ್ಲಿ ಕವಾಟವೊಂದು ಸೀಳಿತೆನ್ನಿ. ಮುಂದಿನ ಬಂದರಿನ ಕುಶಲಕರ್ಮಿಗೆ ನಮ್ಮ ಮಾತು ತಿಳಿಯದಿದ್ದರೂ ಗೆರೆ ತಿಳಿಯುತ್ತದೆ. ಮುನ್ನೋಟ, ಪಕ್ಕನೋಟ, ಮೇಲ್ನೋಟಗಳು ಒಂದಕ್ಕೊಂದು ತಾಳೆಯಾಗಬೇಕು. ಒಳಗಿನ ಟೊಳ್ಳು ಕಾಣುವಂತೆ ವಸ್ತುವನ್ನು ಕೊಯ್ದ ಹಾಗೆ ಬರೆದು, ಕೊಯ್ದ ಲೋಹಕ್ಕೆ ಸಾಮಾನ್ಯವಾಗಿ 45 ಡಿಗ್ರಿಯ ಓರೆಗೆರೆ ಎಳೆಯುತ್ತಾರೆ. ಗಟ್ಟಿ ಬೋಲ್ಟನ್ನು ಮಾತ್ರ ಉದ್ದಕ್ಕೆ ಕೊಯ್ಯುವುದಿಲ್ಲ. ಅದರೊಳಗೆ ನೋಡುವುದೇನೂ ಇಲ್ಲವಷ್ಟೆ! ನಕ್ಷೆ ಎಷ್ಟೇ ಸೊಗಸಾಗಿರಲಿ, ಒಂದು ಅಳತೆ ತಪ್ಪಿದರೆ ಹೊಸ ತುಂಡು ಕೂಡಿಕೊಳ್ಳದು, ಹಡಗು ಕದಲದು.

ಇಂದು ಗೆರೆ ಎಳೆಯಲು ಕಂಪ್ಯೂಟರು ಬಂದಿದೆ, ನಿಜ. ಒಡೆದ ತುಂಡನ್ನು ಕೈಯಲ್ಲಿ ಹಿಡಿದು ಅದರ ಇಡಿಯ ರೂಪವನ್ನು ಮನಸ್ಸಿನಲ್ಲಿ ಕಾಣುವ ಕೆಲಸ ಇನ್ನೂ ಇಂಜಿನಿಯರನದೇ. ಹಳೆಯ ಪರೀಕ್ಷಕರು ಪೆನ್ಸಿಲಿನ ಮೊನೆಯಲ್ಲಿ ಹುಡುಕುತ್ತಿದ್ದದ್ದು ಆ ನೋಟವನ್ನೇ.